ಕಪ್ಪೆಯ ಪಾಠ ಮುಗಿಯಿತೆಂದವರು ಯಾರು?

ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಕಪ್ಪೆಯನ್ನು ಮೇಣದ ತಟ್ಟೆಗೆ ಚುಚ್ಚಿ ಸೀಳುವ ಪದ್ಧತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಕಡಿವಾಣ ಹಾಕಿತು. 2014ರಲ್ಲಿ ಅದನ್ನು ಪೂರ್ತಿ ಕೈಬಿಡುವಂತೆ ಸೂಚಿಸಿತು. ಇದನ್ನು ಜೀವದಯೆಯ ಜಯವೆಂದು ಭಾವಿಸಿ ನಾವು ಸುಮ್ಮನಿರುವುದು ತರವಲ್ಲ.

ಅಲ್ಲಿಯವರೆಗೆ ಎಷ್ಟೋ ಮಕ್ಕಳು ಅಂಕಕ್ಕೂ ಅಂತಃಕರಣಕ್ಕೂ ನಡುವೆ ಸಿಕ್ಕಿ ನರಳಿದರು. ಪಂಚೇಂದ್ರಿಯ ಜೀವಿಯೊಂದನ್ನು ಕೊಲ್ಲಲು ನಡುಗಿದ ಕೈಯನ್ನು ದೌರ್ಬಲ್ಯವೆಂದು ಹಂಗಿಸಿದವರು, ಅದೇ ಆರೋಗ್ಯವಂತ ಮನಸ್ಸಿನ ಕುರುಹೆಂಬುದನ್ನು ಅರಿಯಲಿಲ್ಲ.

ಕೊಯ್ಯದೆ ಕಲಿಯುವುದೆಂತು ಎಂದು ಇಂದಿಗೂ ಕೇಳುವವರಿದ್ದಾರೆ. ಅದೇ 2014ರಲ್ಲಿ ನಮ್ಮ ಸಹ್ಯಾದ್ರಿಯಿಂದ ‘ಕುಂಬಾರ ಕಪ್ಪೆ’ ಲೋಕಕ್ಕೆ ಪರಿಚಯವಾಯಿತು. ಇದರ ಗಂಡು, ಹಳ್ಳದ ಕೆಸರನ್ನು ಮುಂಗೈಗಳಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಯಾವ ಕತ್ತರಿಗೆ ಈ ವಾತ್ಸಲ್ಯ ಕಂಡೀತು? ಇದು ಕಂಡದ್ದು ಇರುಳಿನಲ್ಲಿ ತೊರೆಯ ಬಳಿ ತಾಳ್ಮೆಯಿಂದ ಕಾದ ಕಣ್ಣುಗಳಿಗೆ. 2003ರಲ್ಲಿ ವರ್ಣಿತವಾದ ಸಹ್ಯಾದ್ರಿಯ ನೇರಳೆ ಕಪ್ಪೆಯ ಹತ್ತಿರದ ಬಂಧುಗಳು ದೂರದ ಸೀಷೆಲ್ಸ್ ದ್ವೀಪಗಳಲ್ಲಿವೆ. ಭೂಖಂಡಗಳು ಬೇರ್ಪಟ್ಟ ಚರಿತ್ರೆಯನ್ನೇ ಈ ಜೀವಿ ಹೊತ್ತು ನಿಂತಿದೆ.

ಇನ್ನು ನಮ್ಮ ಮಾತು. ಟ್ರಸ್ಟುಗಳು ನಡೆಸುವ ಕಾಲೇಜುಗಳಲ್ಲಿ ಸೀಳುವ ಪಾಠದ ಬದಲಿಗೆ ಬಂದುದೇನು? ಬರಿಯ ಚಿತ್ರಪಟವೆ? ಕಪ್ಪೆಯು ಚರ್ಮದಿಂದಲೂ ಉಸಿರಾಡುತ್ತದೆ. ನೀರಿನ ವಿಷ ನೇರವಾಗಿ ಅದರ ಮೈಸೇರುತ್ತದೆ. ಹೀಗಿರುವಾಗ ಬಸದಿಯ ಅಂಗಳಕ್ಕೆ ಕಳೆನಾಶಕ ಸಿಂಪಡಿಸಿ, ಕಲ್ಯಾಣಿಯ ಅಂಚಿಗೆ ಸಿಮೆಂಟು ಬಳಿದು, ಒಳಗೆ ಅಹಿಂಸೆಯ ಪ್ರವಚನ ಏರ್ಪಡಿಸುವುದು ಯಾವ ನ್ಯಾಯ? ವಾರ್ಷಿಕ ಆಯವ್ಯಯದಲ್ಲಿ ಕಳಶ, ತೋರಣಗಳಿಗೆ ತೆಗೆದಿರಿಸುವ ಹಣದಲ್ಲಿ ಒಂದು ಪಾಲನ್ನು ವಿದ್ಯಾರ್ಥಿಗಳ ಕ್ಷೇತ್ರಾಧ್ಯಯನಕ್ಕೆ ಕೊಡಿ. ಮುಂದಿನ ಮುಂಗಾರಿಗೆ ಮುನ್ನ ಕಲ್ಯಾಣಿಯ ಒಂದು ಬದಿಯನ್ನಾದರೂ ಮಣ್ಣಾಗಿಯೇ ಉಳಿಸಿ.