ಹುಡುಕಿದ್ದಕ್ಕೂ ಕೂಲಿ ಕೊಡೋಣ

ತುಮಕೂರು ಬಿಟ್ಟು ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿ, ವಸಂತನರಸಾಪುರದ ಹತ್ತಿರ, ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಆಫ್ ಆದರೆ ಏನಾಗುತ್ತದೆ ಎಂದು ನಮಗೆ ಚೆನ್ನಾಗಿ ಗೊತ್ತು. ಹಿಂದೆ ಕಂಟೇನರ್ ಲಾರಿಯ ಹಾರ್ನ್. ಸ್ಟೇರಿಂಗ್ ಹಿಡಿದವರ ಕೈ ನಡುಗುತ್ತದೆ. ಹೇಗೋ ಎಡಕ್ಕೆ ತಳ್ಳಿ ನಿಲ್ಲಿಸಿದರೆ, ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದ ತಕ್ಷಣ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್!

ಇದು ನಮ್ಮ ತಂಡದ ಹಳೆ ಪೆಟ್ರೋಲ್ ವ್ಯಾನಿನ ಕಥೆ. ಊರೂರು ಸುತ್ತಿ ಸುದ್ದಿ ಮಾಡಲು ನಮಗಿರುವುದು ಅದೊಂದೇ. ಮೂರು ತಿಂಗಳು ಹೀಗೇ ಕಾಡಿತು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಚೆನ್ನಾಗೇ ಓಡುತ್ತದೆ. ಜ್ವರ ಬಂದ ಮಗು ಡಾಕ್ಟರ ಮುಂದೆ ಆಟ ಆಡಿದ ಹಾಗೆ.

ಮೊದಲ ಮೆಕ್ಯಾನಿಕ್ ಪ್ಲಗ್ ಬದಲಿಸಿದರು. ಎರಡನೆಯವರು ಪೆಟ್ರೋಲ್ ಫಿಲ್ಟರ್. ಜಗ್ಗಿ ಜಗ್ಗಿ ನಿಲ್ಲುತ್ತದೆ ಎಂದರೆ ಪೆಟ್ರೋಲೇ ಬರುತ್ತಿಲ್ಲ ಎಂದು ಮೂರನೆಯವರು ಪಂಪನ್ನೇ ಹೊಸದು ಹಾಕಿದರು. ಏಳು ಸಾವಿರದ ಮೇಲೆ ಖರ್ಚಾಯಿತು. ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಮತ್ತೆ ನಿಂತಿತು.

ಕೊನೆಗೆ ಸಿಕ್ಕವರು ಗುಬ್ಬಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದಾ, ತಣ್ಣಗಿದ್ದಾಗಲೂ ನಿಲ್ಲುತ್ತದಾ? ಓಡುವಾಗಲೋ, ನಿಂತು ಐಡ್ಲಿಂಗ್‌ನಲ್ಲಿದ್ದಾಗಲೋ? ಹಳ್ಳ ಹಾರಿದಾಗಲಾ? ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಮಳೆ ಇತ್ತಾ? ಅರ್ಧಕ್ಕೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ.

ಆಮೇಲೆ ಪಂಪಿಗೆ ಹೋಗುವ ಕರೆಂಟ್ ವೈರಿಗೆ ಒಂದು ಸಣ್ಣ ಬಲ್ಬ್ ಸಿಕ್ಕಿಸಿ, ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ನಮ್ಮ ಜೊತೆ ಊರ ರಸ್ತೆಯಲ್ಲಿ ಸುತ್ತಿದರು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಮೊದಲು ಬಲ್ಬ್ ಆರಿತು, ಅದರ ಹಿಂದೆಯೇ ಗಾಡಿ ಜಗ್ಗಿ ನಿಂತಿತು. ಪಂಪ್ ಸರಿ ಇದೆ, ಅದಕ್ಕೆ ಕರೆಂಟ್ ಬರುತ್ತಿಲ್ಲ. ವೈರ್ ಹಿಡಿದು ಹಿಂದಕ್ಕೆ ಹೋದರೆ ರಿಲೇ ಕೂರುವ ಜಾಗದಲ್ಲಿ ಒಂದು ಪಿನ್ ಸುಟ್ಟು ಸಡಿಲವಾಗಿತ್ತು. ಬಿಸಿಯಾದರೆ ಬಿಡುತ್ತಿತ್ತು, ತಣ್ಣಗಾದರೆ ಮತ್ತೆ ಹಿಡಿಯುತ್ತಿತ್ತು. ಹಳೆ ಪಂಪಿಗೆ ಏನೂ ಆಗಿರಲಿಲ್ಲ.

ಎಷ್ಟು ಕೊಡಬೇಕು ಎಂದು ಕೇಳಿದೆವು. "ಸಾಮಾನೇನೂ ಹಾಕಿಲ್ವಲ್ಲಪ್ಪ, ಏನ್ ಇಸ್ಕೊಳ್ಳಲಿ? ಒಂದ್ ಇನ್ನೂರು ಕೊಡಿ" ಎಂದರು.

ನಾವು ಹೇಳಬೇಕೆಂದಿರುವುದು ಈ ಮಾತಿನ ಬಗ್ಗೆಯೇ. ಪಂಪ್ ಹಾಕಿದವರಿಗೆ ಸಾವಿರಗಟ್ಟಲೆ ಕೊಟ್ಟ ನಾವು, ಅರ್ಧ ದಿನ ಕೂತು ರೋಗ ಹುಡುಕಿದವರಿಗೆ ಇನ್ನೂರು ಕೊಟ್ಟು ಬಂದರೆ, ನಾಳೆ ಯಾವ ಮೆಕ್ಯಾನಿಕ್ ತಾನೇ ಹುಡುಕುತ್ತಾರೆ? ಸಾಮಾನು ಹಾಕಿದರೆ ಮಾತ್ರ ದುಡ್ಡು ಎನ್ನುವ ಪದ್ಧತಿ ಇರುವವರೆಗೂ ಸಾಮಾನೇ ಬದಲಾಗುತ್ತಿರುತ್ತದೆ. ಇದರಲ್ಲಿ ತಪ್ಪು ಗ್ಯಾರೇಜಿನವರದ್ದು ಮಾತ್ರ ಅಲ್ಲ, ನಮ್ಮದೂ ಇದೆ.

ಬಡವರು ನೋಡಿದ್ದಕ್ಕೂ ದುಡ್ಡು ಕೊಡಬೇಕಾ ಎಂದು ಕೇಳಬಹುದು. ಬೋರ್‌ವೆಲ್ ಪಾಯಿಂಟ್ ಮಾಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದರೆ, ನೀರು ಬರಲಿ ಬಿಡಲಿ, ಕೊಟ್ಟು ಕಳಿಸುತ್ತೇವೆ. ಬಲ್ಬ್ ಹಿಡಿದು ಗಾಡಿ ಸುತ್ತಿಸಿದವರಿಗೆ ಕೊಡಲು ಏನಡ್ಡಿ? ಐನೂರು ಕೊಟ್ಟು ಕಾರಣ ತಿಳಿದುಕೊಂಡಿದ್ದರೆ ನಮ್ಮ ಏಳು ಸಾವಿರ ಉಳಿಯುತ್ತಿತ್ತು.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಗಾಡಿ ನಿಂತಾಗಲೆಲ್ಲ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ, ಅಥವಾ ಮಾತಾಡಿ ರೆಕಾರ್ಡ್ ಮಾಡಿ. ಎಷ್ಟು ಹೊತ್ತು ಓಡಿದ ಮೇಲೆ ನಿಂತಿತು, ಹೇಗೆ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು.

ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಮೊದಲು ಅನುಮಾನಿಸಬೇಕಾದ್ದು ಕರೆಂಟ್: ಕಾಯಿಲ್, ಕೀ ಸ್ವಿಚ್, ಬ್ಯಾಟರಿ ಮತ್ತು ಅರ್ತ್ ವೈರಿನ ಸಡಿಲ, ಇಂಜೆಕ್ಷನ್ ಗಾಡಿಯಾದರೆ ಕ್ರ್ಯಾಂಕ್ ಸೆನ್ಸರ್. ಜಗ್ಗಿ, ಕೆಮ್ಮಿ ನಿಂತರೆ ಪೆಟ್ರೋಲ್ ದಾರಿ ನೋಡಿ. ಅದರಲ್ಲೂ ನಮ್ಮ ವ್ಯಾನಿನ ಹಾಗೆ ಪಂಪಿನ ಕರೆಂಟೇ ಹೋಗುತ್ತಿರಬಹುದು. ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಒಳಗೆ ಎಳೆದ ಸದ್ದು ಬಂದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿರಬಹುದು. ಐಡ್ಲಿಂಗ್‌ನಲ್ಲಿ ಮಾತ್ರ ನಿಂತರೆ ಕಾರ್ಬುರೇಟರ್ ಇಲ್ಲವೇ ಥ್ರಾಟಲ್ ಕೊಳೆಯಾಗಿರಬಹುದು, ಎಲ್ಲೋ ರಬ್ಬರ್ ಪೈಪ್ ಸೀಳಿ ಗಾಳಿ ಎಳೆಯುತ್ತಿರಬಹುದು. ಡೀಸೆಲ್ ಗಾಡಿಯಾದರೆ ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ. ಇವೆಲ್ಲ ಅನುಮಾನಗಳಷ್ಟೇ. ನಿಂತ ಆ ಗಳಿಗೆಯಲ್ಲಿ ಪ್ಲಗ್ಗಿಗೆ ಕಿಡಿ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ ಎಂದು ಮೆಕ್ಯಾನಿಕ್ ಪರೀಕ್ಷಿಸಿದರೆ ಮಾತ್ರ ಖಾತ್ರಿ.

ಈಗ ಎಲ್ಲದಕ್ಕೂ ಎಥೆನಾಲ್ ಕಾರಣ ಎನ್ನುವವರಿದ್ದಾರೆ. 2023ರ ಫೆಬ್ರುವರಿ 6ರಂದು ಪ್ರಧಾನಿ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರಲ್ಲ, ಅದೇ ದಿನ ಬೆಂಗಳೂರಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೂ ಚಾಲನೆ ಕೊಟ್ಟಿದ್ದರು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ಮಾಡದ ಹಳೆ ಗಾಡಿಗಳ ರಬ್ಬರ್ ಪೈಪ್, ವಾಷರ್ ಹಾಳಾಗಬಹುದು. ಹಾಗಾಗಿ ಪೈಪ್ ಬಿರುಕು ಬಿಟ್ಟಿದೆಯಾ ಎಂದು ನೋಡಿಸುವುದು ಒಳ್ಳೆಯದು. ಆದರೆ ನಮ್ಮ ವ್ಯಾನಿಗೂ ಎಥೆನಾಲೇ ಕಾರಣ ಎಂದು ಒಬ್ಬರು ಖಂಡಿತವಾಗಿ ಹೇಳಿದ್ದರು. ಸಿಕ್ಕಿದ್ದು ಸುಟ್ಟ ಪಿನ್.

ಕಾರಣ ಸಿಗುವವರೆಗೆ ಅಂಥ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ. ಕೈಗಾರಿಕಾ ಪ್ರದೇಶಕ್ಕೆ ರಾತ್ರಿ ಶಿಫ್ಟಿಗೆ ಹಳೆ ಗಾಡಿಯಲ್ಲಿ ಐದಾರು ಜನ ಸೇರಿ ಹೋಗುವವರು ಇದನ್ನು ಗಮನಿಸಬೇಕು. ಓಡುವಾಗಲೇ ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಒಂದೆರಡು ಸಲ ಮಾತ್ರ ಬ್ರೇಕ್ ಹಗುರವಾಗಿ ಹಿಡಿಯುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಬ್ರೇಕನ್ನು ಪದೇ ಪದೇ ಒತ್ತಬೇಡಿ, ಗಾಡಿ ನಿಲ್ಲುವವರೆಗೆ ಕೀ ಕೀಳಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಪಾರ್ಕಿಂಗ್ ಲೈಟ್ ಹಾಕಿ ಎಡಕ್ಕೆ ತನ್ನಿ. ಎಲ್ಲರೂ ಎಡಗಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಆ ಹಿರಿಯರಿಗೆ ನಾವು ಕೊನೆಗೆ ಎಂಟುನೂರು ಕೊಟ್ಟೆವು. ಬೇಡ ಬೇಡ ಎಂದೇ ತೆಗೆದುಕೊಂಡರು. ನೀವೂ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೊದಲೇ ಹೇಳಿಬಿಡಿ: "ಸಾಮಾನು ಆಮೇಲೆ ಹಾಕೋಣ ಅಣ್ಣ. ಯಾಕೆ ನಿಲ್ತಿದೆ ಅಂತ ಮೊದಲು ಹುಡುಕಿ, ಅದರ ಕೂಲಿ ಎಷ್ಟು ಹೇಳಿ, ಕೊಡ್ತೀವಿ."