ಅಶ್ವಿನೀದೇವತೆಗಳು ಯಾರು?

ಮುಸ್ಸಂಜೆಯ ಹೊತ್ತಿನಲ್ಲಿ ಅಮಂಗಳದ ಮಾತನ್ನಾಡಿದರೆ, "ಬಿಡ್ತು ಅನ್ನು! ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ" ಎಂದು ಗದರಿಸುವ ಹಿರಿಯರು ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಉಂಟು. ಈ ಅಸ್ತು ದೇವತೆಗಳೇ ಅಶ್ವಿನೀದೇವತೆಗಳೆಂದು ಕೆಲವರು ಹೇಳುವರು. ಮಾದ್ರಿಯ ಮಕ್ಕಳಾದ ನಕುಲ ಸಹದೇವರು ಇವರ ವರದಿಂದ ಹುಟ್ಟಿದವರೆಂಬುದನ್ನು ಭಾರತದ ಕಥೆ ಕೇಳಿದವರೆಲ್ಲರೂ ಬಲ್ಲರು. ಆದರೆ ಇವರು ನಿಜವಾಗಿ ಯಾರು ಎಂದರೆ ಉತ್ತರ ಸುಲಭವಲ್ಲ. ಅಗ್ನಿಯೆಂದರೆ ಬೆಂಕಿ, ಉಷಸ್ಸೆಂದರೆ ಬೆಳಗು, ಸೂರ್ಯನೆಂದರೆ ಕಣ್ಣಿಗೆ ಕಾಣುವ ಸೂರ್ಯನೇ. ಋಗ್ವೇದದಲ್ಲಿ ಐವತ್ತಕ್ಕೂ ಮಿಕ್ಕ ಸೂಕ್ತಗಳನ್ನು ಪಡೆದಿರುವ ಈ ಅವಳಿಗಳು ಮಾತ್ರ ಪ್ರಕೃತಿಯ ಯಾವ ವಸ್ತುವಿನೊಡನೆಯೂ ಸರಿಯಾಗಿ ಹೊಂದಿಕೊಳ್ಳುವುದಿಲ್ಲ.

ಈ ಪ್ರಶ್ನೆ ಹೊಸದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಯಾಸ್ಕಾಚಾರ್ಯನು ತನ್ನ ನಿರುಕ್ತದಲ್ಲಿ ಇದನ್ನೇ ಕೇಳಿ, ತನ್ನ ಕಾಲಕ್ಕಾಗಲೇ ಹುಟ್ಟಿದ್ದ ನಾಲ್ಕು ಉತ್ತರಗಳನ್ನು ಬರೆದಿಟ್ಟಿದ್ದಾನೆ. ಕೆಲವರ ಮತದಲ್ಲಿ ಇವರು ದ್ಯಾವಾಪೃಥಿವಿಗಳು, ಕೆಲವರಿಗೆ ಹಗಲಿರುಳುಗಳು, ಮತ್ತೆ ಕೆಲವರಿಗೆ ಸೂರ್ಯಚಂದ್ರರು. ಇತಿಹಾಸ ಪಕ್ಷದವರು ಮಾತ್ರ, ಇವರು ಪುಣ್ಯಕಾರ್ಯಗಳನ್ನು ಮಾಡಿದ ಇಬ್ಬರು ರಾಜರೆಂದರು. ಉಳಿದ ಮೂರು ಪಕ್ಷಗಳನ್ನು ಅಳಿಸಿಹಾಕದೆ ಜೊತೆಯಲ್ಲಿಯೇ ಉಳಿಸಿದ ಆ ಆಚಾರ್ಯನ ಸೌಜನ್ಯ ನಮ್ಮ ಚರ್ಚಾಕೂಟಗಳಿಗೂ ಬರಬಾರದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪಾಶ್ಚಾತ್ಯ ಪಂಡಿತರು ಈ ಪಟ್ಟಿಯನ್ನು ಇನ್ನಷ್ಟು ಬೆಳೆಸಿದರು. ಅರುಣೋದಯದ ಅರೆಗತ್ತಲೆ ಅರೆಬೆಳಕು ಎಂದರು. ಮಿಥುನ ರಾಶಿಯ ಎರಡು ನಕ್ಷತ್ರಗಳೆಂದರು. ಬೆಳ್ಳಿ ಮತ್ತು ಸಂಜೆಯ ಚುಕ್ಕಿ ಎಂದರು. ಈ ಕೊನೆಯ ವಾದ ನೋಡಲು ಚೆಲುವಾಗಿದೆಯಾದರೂ ಒಂದು ತೊಡಕಿದೆ. ಬೆಳಗಿನ ಬೆಳ್ಳಿಯೂ ಸಂಜೆಯ ಚುಕ್ಕಿಯೂ ಒಂದೇ ಶುಕ್ರಗ್ರಹ; ಅವೆರಡೂ ಒಟ್ಟಿಗೆ ಕಾಣುವುದು ಎಂದಿಗೂ ಇಲ್ಲ. ಅಶ್ವಿನಿಗಳಾದರೋ ಕಣ್ಣುಗಳಂತೆ, ಕೈಗಳಂತೆ, ಸದಾ ಜೊತೆಗಿರುವವರು. ಗ್ರೀಕರ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿಗಳು ಕುದುರೆ ಸವಾರರು, ಕಡಲಿನಲ್ಲಿ ಸಿಕ್ಕಿದವರನ್ನು ಉಳಿಸುವವರು. ಹೋಲಿಕೆ ಆಕಸ್ಮಿಕವಲ್ಲವೆಂದು ತೋರುತ್ತದೆ. ಟರ್ಕಿ ದೇಶದ ಬೊಘಾಜ್‌ಕೊಯ್ ಎಂಬಲ್ಲಿ 1906ರಲ್ಲಿ ಆರಂಭವಾದ ಉತ್ಖನನದಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ, ಹಿಟ್ಟೈಟ್ ಮತ್ತು ಮಿತನ್ನಿ ದೊರೆಗಳು ಕ್ರಿ. ಪೂ. 14ನೆಯ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಮಿತ್ರ, ವರುಣ, ಇಂದ್ರರೊಡನೆ ನಾಸತ್ಯರೂ ಸಾಕ್ಷಿಗಳು. ನಾಸತ್ಯರೆಂದರೆ ಅಶ್ವಿನಿಗಳೇ. ಅಷ್ಟು ದೂರದವರೆಗೂ ಇವರ ಮಾತಿಗೆ ಬೆಲೆಯಿದ್ದಿತು.

ಇನ್ನು ನಮ್ಮ ವಿದ್ಯಾರ್ಥಿನಿಲಯದ ಸಂಶೋಧಕರ ಮತ. ಅಶ್ವಿನಿಗಳ ರಥಕ್ಕೆ ಮೂರು ಚಕ್ರ, ಮನಸ್ಸಿಗಿಂತ ಮಿಗಿಲಾದ ವೇಗ. ಆದುದರಿಂದ ಅದು ಆಕಾಶನೌಕೆ, ಅವರು ಅನ್ಯಲೋಕದಿಂದ ಇಳಿದವರು! ಇಂಥ ಊಹೆಗಳಿಗೆ ಫಾನ್ ಡ್ಯಾನಿಕೆನ್ ಎಂಬಾತನ 1968ರ ಪುಸ್ತಕದಿಂದೀಚೆಗೆ ಲೋಕದಲ್ಲೆಲ್ಲ ಗಿರಾಕಿಗಳುಂಟು. ಆದರೆ ಆ ರಥಕ್ಕೆ ಕತ್ತೆಯನ್ನು ಕಟ್ಟುವ ಮಾತೂ ಅದೇ ಋಗ್ವೇದದಲ್ಲಿದೆ. ಆಕಾಶನೌಕೆಯವರು ಚಕ್ರಗಳನ್ನು ಎಣಿಸಿ ಕತ್ತೆಯನ್ನು ಬಿಟ್ಟುಬಿಡುವುದೇಕೆ? ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಇದನ್ನು ಹೇಳಿದೊಡನೆ ನನ್ನನ್ನು ಧರ್ಮದ್ವೇಷಿಯೆಂದ ಮಿತ್ರರೂ ಇದ್ದಾರೆ. ವೇದಕ್ಕೆ ಗೌರವ ಬರಬೇಕಾದರೆ ಅದರಲ್ಲಿ ಯಂತ್ರ ಸಿಕ್ಕಬೇಕೆನ್ನುವುದು ವೇದಕ್ಕೆ ಮಾಡುವ ಮರ್ಯಾದೆಯೇ?

ಇವರು ಏನು ಎಂಬುದನ್ನು ಬಿಟ್ಟು, ಇವರು ಮಾಡಿದ್ದೇನು ಎಂದು ನೋಡೋಣ. ಸಾಯುವವನು ಸಂಪತ್ತನ್ನು ಬಿಟ್ಟುಹೋಗುವಂತೆ ತಂದೆ ತುಗ್ರನು ಕಡಲಿನಲ್ಲಿ ಬಿಟ್ಟುಹೋದ ಭುಜ್ಯುವನ್ನು ನೂರು ಹುಟ್ಟುಗಳ ಹಡಗಿನಲ್ಲಿ ದಡ ಸೇರಿಸಿದರು. ಹೆಣ್ಣುತೋಳಕ್ಕೆ ನೂರು ಕುರಿಗಳನ್ನು ಕೊಯ್ದುಹಾಕಿದನೆಂದು ತಂದೆಯೇ ಕುರುಡನನ್ನಾಗಿ ಮಾಡಿದ ಋಜ್ರಾಶ್ವನಿಗೆ ಕಣ್ಣು ಕೊಟ್ಟರು. ರಾತ್ರಿಯ ಕಾಳಗದಲ್ಲಿ ಕಾಲು ಕಡಿದುಹೋದ ವಿಶ್ಪಲೆಗೆ ಲೋಹದ ಕಾಲು ಕಟ್ಟಿದರು. (ವಿಶ್ಪಲೆ ಹೆಂಗಸಲ್ಲ, ಪಂದ್ಯದ ಕುದುರೆ ಎಂದು ವಾದಿಸಿದ ಪಂಡಿತರೂ ಉಂಟು!) ಮುದಿಯಾಗಿ ಎಲ್ಲರಿಂದಲೂ ಬಿಡಲ್ಪಟ್ಟ ಚ್ಯವನನಿಗೆ ಯೌವನವನ್ನೂ, ತಂದೆಯ ಮನೆಯಲ್ಲಿಯೇ ವಯಸ್ಸಾಗುತ್ತಿದ್ದ ಘೋಷೆಗೆ ಪತಿಯನ್ನೂ ದೊರಕಿಸಿದರು. ಇಂದ್ರನಂತೆ ಕೋಟೆ ಒಡೆಯುವುದು ಇವರ ಕಸುಬಲ್ಲ. ಉಳಿದವರು ಕೈಬಿಟ್ಟವರ ಬಳಿಗೆ ಹೋಗುವುದೇ ಇವರ ಗುರುತೆಂದು ನನ್ನ ಅಭಿಪ್ರಾಯ.

ಇಂಥವರಿಗೆ ಮುಂದೆ ಆದುದೇನೆಂಬುದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ. ಋಗ್ವೇದದ ಕವಿಗಳು ಇವರನ್ನು ಸೋಮಪಾನಕ್ಕೆ ಯಾವ ಸಂಕೋಚವೂ ಇಲ್ಲದೆ ಕರೆಯುತ್ತಾರೆ. ತೈತ್ತಿರೀಯ ಸಂಹಿತೆಯ ಕಾಲಕ್ಕೆ ಬಂದರೆ, ಇವರು ಮನುಷ್ಯರ ನಡುವೆ ತಿರುಗುವ ವೈದ್ಯರು, ಅಶುದ್ಧರು ಎಂದು ದೇವತೆಗಳೇ ಹಿಂಜರಿಯುತ್ತಾರೆ. ಯಜ್ಞದ ಕಡಿದ ತಲೆಯನ್ನು ಜೋಡಿಸಲು ಮಾತ್ರ ಇವರೇ ಬೇಕು! ಆಮೇಲೆ ಇವರನ್ನು ಶುದ್ಧಿಮಾಡಿ ಪಾಲು ಕೊಟ್ಟರಂತೆ. ಬ್ರಾಹ್ಮಣನು ವೈದ್ಯವೃತ್ತಿ ಮಾಡಬಾರದೆಂಬ ವಿಧಿಯೂ ಅಲ್ಲಿಯೇ ಇದೆ. ಭಾರತದ ವನಪರ್ವದಲ್ಲಿ ಚ್ಯವನನು ಇವರಿಗೆ ಸೋಮವನ್ನು ಕೊಡಹೋದಾಗ ಇಂದ್ರನು ವಜ್ರಾಯುಧವನ್ನೇ ಎತ್ತುತ್ತಾನೆ. ಮನುಸ್ಮೃತಿಯು ವೈದ್ಯನ ಅನ್ನವನ್ನು ಉಣ್ಣಬಾರದ ಅನ್ನಗಳ ಸಾಲಿಗೆ ಸೇರಿಸಿತು. ಇದು ಹಳೆಯ ಕಾಲದ ಮಾತೆಂದು ತಳ್ಳಿಬಿಡಬಹುದಾಗಿತ್ತು. ನನ್ನ ಅಕ್ಕ ಆಸ್ಪತ್ರೆಯೊಂದರಲ್ಲಿ ದಾದಿ. ಹೋದ ವರ್ಷ ಅವಳನ್ನು ನೋಡಲು ಬಂದಿದ್ದ ವರನ ಕಡೆಯವರು, "ಕಂಡವರ ಮಲಮೂತ್ರ ಬಳಿಯುವ ಕೈ" ಎಂದು ನಮ್ಮ ಜಗುಲಿಯಲ್ಲಿ ಕುಳಿತೇ ಆಡಿಕೊಂಡರು. ಅದೇ ಮನೆಯ ಹಿರಿಯರು ಕಾಯಿಲೆ ಬಿದ್ದಾಗ ಹದಿನೈದು ದಿನ ಅಂಥದೇ ಕೈಗಳಲ್ಲಿ ಉಳಿದುಬಂದವರು. ಇಂದ್ರನ ಕಡೆಯವರು ಇನ್ನೂ ನಮ್ಮ ನಡುವೆ ಇದ್ದಾರೆ.

ಹಾಗೆಂದು ಬೆಳಕಿನ ಪಕ್ಷವನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಇವರ ಹೊತ್ತು ಮಧ್ಯರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುನ್ನ ಎಂದು ಯಾಸ್ಕನು ಹೇಳುತ್ತಾನೆ. ರೋಗಿಯ ಬಳಿ ರಾತ್ರಿಯೆಲ್ಲ ಕುಳಿತವರಿಗೆ ಆ ಹೊತ್ತು ಎಂಥದೆಂದು ಗೊತ್ತು. ಮೊದಲ ಬೆಳಕು ಕಂಡರೆ ಸಾಕು, ಅರ್ಧ ಗುಣವಾದಂತೆ. ಕವಿಗಳು ಆ ಬೆಳಕನ್ನೂ ಉಳಿಸುವ ಕೈಗಳನ್ನೂ ಬೇರೆ ಬೇರೆಯಾಗಿ ಕಾಣದೆ ಇದ್ದಿರಬಹುದು.

ಒಂದು ವಿಷಯದಲ್ಲಿ ಮಾತ್ರ ಯಾಸ್ಕನೊಡನೆ ನನಗೆ ಜಗಳವಿದೆ. ತೋಳದ ಬಾಯಿಗೆ ಸಿಕ್ಕಿದ್ದ ಒಂದು ಲಾವುಗೆ ಹಕ್ಕಿಯನ್ನು ಅಶ್ವಿನಿಗಳು ಬಿಡಿಸಿದರೆಂದು ಋಗ್ವೇದದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ತೋಳ ಸೂರ್ಯನೆಂದೂ, ಹಕ್ಕಿ ಅವನು ನುಂಗಹೊರಟ ಉಷಸ್ಸೆಂದೂ ಯಾಸ್ಕನು ಅರ್ಥ ಮಾಡಿದ. ಅರ್ಥ ದೊಡ್ಡದೇ ಸರಿ. ಆದರೆ ಹಿಡಿಗಾತ್ರದ ಒಂದು ಹಕ್ಕಿ ಕೂಗಿಕೊಂಡರೂ ರಥ ನಿಲ್ಲಿಸಿ ಇಳಿಯುವ ದೇವತೆಗಳಿದ್ದರೆಂದು ನಂಬಿದ ಕವಿಯೇ ನನಗೆ ಹೆಚ್ಚು ಪ್ರಿಯ. ಆ ಹಕ್ಕಿಯನ್ನು ನಾನು ಹಕ್ಕಿಯೆಂದೇ ಓದುತ್ತೇನೆ.