ಹುರುಡು ಮತ್ತು ಹಗೆ

ಕಳೆದ ಚಳಿಗಾಲದ ಒಂದು ಶನಿವಾರ. ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ರನ್ನನ ‘ಗದಾಯುದ್ಧ’ದ ಪಾಠ ನಡೆದಿತ್ತು. ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ದುರ್ಯೋಧನನು ಅಭಿಮನ್ಯುವಿನ ಕಳೇಬರದ ಮುಂದೆ ನಿಲ್ಲುವ ಸಂದರ್ಭ. ಹಗೆಯ ಮಗನ ಶೌರ್ಯವನ್ನು ಮನಸಾರೆ ಕೊಂಡಾಡಿ, ಅಂಥ ಸಾವಿನ ಒಂದು ಪಾಲಾದರೂ ತನಗೆ ದೊರೆಯಲೆಂದು ಬಯಸುವ ಆ ಎಡೆಗೆ ಬಂದಾಗ, ಎಷ್ಟು ವರ್ಷ ಪಾಠ ಹೇಳಿದ್ದರೂ, ನನ್ನ ದನಿ ತುಸು ತಗ್ಗುತ್ತದೆ. ಅಂದು ದನಿ ತಗ್ಗಿದ್ದರಿಂದಲೇ ಹಿಂದಿನ ಬೆಂಚಿನ ಮಾತು ಸ್ಪಷ್ಟವಾಗಿ ಕೇಳಿಬಂತು.

“ನಾಳೆ ನಿಮ್ಮವರಿಗೆ ಮಣ್ಣು ಮುಕ್ಕಸ್ತೀವಿ, ನೋಡ್ತಿರಲೇ.”

“ಹೋದ ವರ್ಷನೂ ಹಿಂಗ ಅಂದಿದ್ದಿ.”

ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದೆ. ನಿಪ್ಪಾಣಿಯ ಹುಡುಗ ತಲೆ ತಗ್ಗಿಸಿ, “ತಪ್ಪಾತ್ರಿ ಸರ್. ನಾಳೆ ಕೊಲ್ಹಾಪುರದಾಗ ಪಾಟಾಕಡೀಲ-ಶಿವಾಜಿ ಮ್ಯಾಚ್ ಐತ್ರಿ” ಎಂದ. ಅವನ ಸೋದರಮಾವನ ಮನೆ ಅಲ್ಲಿಯ ಮಂಗಳವಾರ ಪೇಟೆಯಲ್ಲಿ; ಆದ್ದರಿಂದ ಅವನು ಪಾಟಾಕಡೀಲ ತಾಲೀಮ ಮಂಡಳದವನು. ರಾಯಬಾಗದ ಇನ್ನೊಬ್ಬನ ಅಕ್ಕನನ್ನು ಶಿವಾಜಿ ಪೇಟೆಗೆ ಕೊಟ್ಟಿದೆ; ಆದ್ದರಿಂದ ಅವನು ಶಿವಾಜಿ ತರುಣ ಮಂಡಳದವನು. ಹೆಣ್ಣು ಕೊಟ್ಟು ತಂದ ದಾರಿಯಲ್ಲಿಯೇ ಪಕ್ಷಪಾತವೂ ಗಡಿ ದಾಟಿ ಬಂದಿದೆಯೆಂದು ತಿಳಿದು ನನಗೆ ನಗು ಬಂತು. ಆಗ ಅಥಣಿಯ ಮೂರನೆಯವನೊಬ್ಬ, ಕೇಳದಿದ್ದರೂ ಎದ್ದು, “ನಂದು ಬೆಂಗಳೂರ್ರಿ ಸರ್. ಕೇರಳದವರನ್ನ ಕಂಡ್ರ ನನಗ ಆಗೂದಿಲ್ರಿ” ಎಂದ. ಅವನು ಬೆಂಗಳೂರನ್ನೂ ಕಂಡಿರಲಿಲ್ಲ, ಕೊಚ್ಚಿಯನ್ನೂ ಕಂಡಿರಲಿಲ್ಲ.

ಈ ಮೂವರ ಮಾತು ನನ್ನನ್ನು ಬಹು ದಿನ ಕಾಡಿತು. ಅಲ್ಲಿಂದ ಹುಟ್ಟಿದ ವಿಚಾರಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕೊಲ್ಹಾಪುರವನ್ನು ಕುಸ್ತಿಯ ಊರೆಂದು ಎಲ್ಲರೂ ಬಲ್ಲರು. ಅದು ಕಾಲ್ಚೆಂಡಿನ ಊರೂ ಹೌದೆಂಬುದು ಅಷ್ಟಾಗಿ ತಿಳಿದಿಲ್ಲ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು ದೂರದ ಆ ನಗರದಲ್ಲಿ ಪೇಟೆಗೊಂದು ತಾಲೀಮು, ಎಂದರೆ ನಮ್ಮ ಗರಡಿಮನೆ. ಅವುಗಳಲ್ಲಿ ಹಲವು ಕಾಲ್ಚೆಂಡಿನ ತಂಡಗಳನ್ನೂ ಸಾಕಿಕೊಂಡು ಬಂದಿವೆ. ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲ್‌ಬಹಾರ್ ತಾಲೀಮು: ಇವು ತಂಡಗಳ ಹೆಸರು. ಶಾಹು ಮಹಾರಾಜರು 1894ರಿಂದ 1922ರವರೆಗೆ ಆಳಿದ ಕಾಲದಲ್ಲಿ ಖಾಸಬಾಗದ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಅದರಂತೆ ಕಾಲ್ಚೆಂಡಿನ ಆಟ ನಡೆಯುವ ಕ್ರೀಡಾಂಗಣಕ್ಕೂ ಅವರದೇ ಹೆಸರು. ಒಂದೇ ಊರಿನ ಎರಡು ತಂಡಗಳು ಎದುರುಬದುರಾದರೆ ಅದನ್ನು ಜಗತ್ತು ಡರ್ಬಿ ಎನ್ನುತ್ತದೆ. ಕೊಲ್ಹಾಪುರದ ಜನಕ್ಕೆ ಆ ಮಾತಿನ ಅಗತ್ಯವಿಲ್ಲ; ಎರಡು ಪೇಟೆಗಳ ಹೆಸರು ಹೇಳಿದರೆ ಸಾಕು. ಪಂದ್ಯಕ್ಕೆ ವಾರವಿರುವಾಗಲೇ ಚಹದಂಗಡಿಯ ಕಟ್ಟೆಯಲ್ಲಿ ವಾದ ಏಳುತ್ತದೆ. ಯಾರ ಗೋಲುರಕ್ಷಕನ ಕೈ ಗಟ್ಟಿ, ಹೊರಗಿನಿಂದ ಆಟಗಾರರನ್ನು ತಂದವರು ಯಾರು, ಎಂದೋ ನಡೆದ ಪಂದ್ಯದಲ್ಲಿ ತೀರ್ಪುಗಾರನು ಕಣ್ಣು ಮುಚ್ಚಿದ್ದು ಯಾರಿಗಾಗಿ ಎಂಬ ವಾದ ಮುಗಿಯುವುದೇ ಇಲ್ಲ. ಮುಗಿಯಬೇಕೆಂದು ಯಾರೂ ಬಯಸುವುದೂ ಇಲ್ಲ.

ಇದನ್ನು ಕಂಡು ತಲೆ ಕೊಡಹುವ ಹಿರಿಯರುಂಟು. ನನ್ನ ಸಹೋದ್ಯೋಗಿಯೊಬ್ಬರು, “ಚೆಂಡೊಂದಕ್ಕಾಗಿ ಇಷ್ಟು ಹಗೆಯೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ‘ಹಗೆ’ ಎಂದುದನ್ನು ನಾನು ‘ಹುರುಡು’ ಎನ್ನಬಯಸುತ್ತೇನೆ. ಈ ಎರಡು ಹಳೆಯ ಕನ್ನಡ ಮಾತುಗಳ ನಡುವೆ ಒಂದು ಗೆರೆಯಿದೆ. ಹಗೆ ಎದುರಾಳಿಯ ಅಳಿವನ್ನು ಬಯಸುತ್ತದೆ. ಹುರುಡಿಗೆ ಎದುರಾಳಿ ಬದುಕಿರಬೇಕು, ಗಟ್ಟಿಯಾಗಿಯೂ ಇರಬೇಕು. ನಾಳೆ ಶಿವಾಜಿ ತರುಣ ಮಂಡಳ ಬಾಗಿಲು ಮುಚ್ಚಿದರೆ ನನ್ನ ನಿಪ್ಪಾಣಿಯ ವಿದ್ಯಾರ್ಥಿಯ ಭಾನುವಾರ ಬರಿದಾಗುತ್ತದೆ.

ನಮ್ಮ ಸೀಮೆಯ ಜನಕ್ಕೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಹರದೇಶಿ-ನಾಗೇಶಿ ಹಾಡಿಕೆಯನ್ನು ಕೇಳಿ ಬೆಳೆದ ನಾಡು ಇದು. ಜಾತ್ರೆಯ ರಾತ್ರಿ ಎರಡು ಗೀಗೀ ಮೇಳಗಳು ಎದುರಾಗುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ದಪ್ಪು ತುಂತುಣಿಗಳ ನಾದದ ನಡುವೆ ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಬೇಕು. ಬೈಗುಳಕ್ಕೂ ಪ್ರಾಸವಿರಬೇಕು, ಮೂದಲಿಕೆಗೂ ಪುರಾಣದ ಆಧಾರವಿರಬೇಕು. ಕೇಳುವವರೂ ಎರಡು ಪಕ್ಷವಾಗಿ ಕೂಗುತ್ತಾರೆ. ಬೆಳಗಾದರೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ತೀರ್ಮಾನವಾಗಿರುವುದಿಲ್ಲ. ತೀರ್ಮಾನವಾಗಿಬಿಟ್ಟರೆ ಮುಂದಿನ ಜಾತ್ರೆಗೆ ಹಾಡುವುದೇನು? ಒಂದು ಮೇಳ ಬಾರದಿದ್ದರೆ ಇನ್ನೊಂದು ಮೇಳಕ್ಕೆ ಬಾಯಿಲ್ಲ. ಕುಸ್ತಿಯ ಕಣದಲ್ಲಿಯೂ ಇದೇ ಮರ್ಯಾದೆ. ಪೈಲವಾನರಿಬ್ಬರು ಕೈ ಮುಟ್ಟಿಸಿ, ಒಬ್ಬರ ಮೈಗೊಬ್ಬರು ಕಣದ ಮಣ್ಣು ಹಚ್ಚಿಯೇ ಹಿಡಿತಕ್ಕೆ ಇಳಿಯುತ್ತಾರೆ. ಆ ಮಣ್ಣು ಹಿಡಿತ ಜಾರದಿರಲೆಂದು. ಎಂದರೆ ತನ್ನನ್ನು ಕೆಡಹಲು ಎದುರಾಳಿಗೆ ಬೇಕಾದ ಅನುಕೂಲವನ್ನು ತಾನೇ ಒದಗಿಸಿಕೊಟ್ಟಂತೆ.

ಹುರುಡು ಕೆಟ್ಟು ಹಗೆಯಾಗುವುದಿಲ್ಲವೆ? ಆಗುತ್ತದೆ. ಅದನ್ನು ಮುಚ್ಚಿಟ್ಟು ಆಟದ ಹೊಗಳಿಕೆ ಮಾಡುವುದು ಪ್ರಾಮಾಣಿಕತೆಯಲ್ಲ. ಕೊಲ್ಹಾಪುರದಲ್ಲಿಯೇ ಬೆಂಬಲಿಗರ ಕಲ್ಲುತೂರಾಟ, ಹೊಡೆದಾಟ, ಪೊಲೀಸು ಪ್ರಕರಣಗಳು ಹಲವು ಸಲ ಆಗಿವೆ. ಕಲ್ಕತ್ತೆಯ ಕಥೆ ಇನ್ನೂ ಘೋರವಾದುದು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್: ಈ ಎರಡರ ಹುರುಡಿಗೆ ದೇಶದಲ್ಲಿ ಸಾಟಿಯಿಲ್ಲ. ಒಂದು ಪಶ್ಚಿಮ ಬಂಗಾಳದ ಮೂಲನಿವಾಸಿಗಳದೆಂದೂ, ಇನ್ನೊಂದು ಪೂರ್ವದಿಂದ, ದೇಶವಿಭಜನೆಯ ತರುವಾಯವಂತೂ ಎಲ್ಲವನ್ನೂ ಬಿಟ್ಟು ಬಂದವರದೆಂದೂ ಪ್ರತೀತಿ. ಗೆದ್ದ ದಿನ ಒಬ್ಬರ ಮನೆಯಲ್ಲಿ ಸೀಗಡಿ, ಇನ್ನೊಬ್ಬರ ಮನೆಯಲ್ಲಿ ಹಿಲ್ಸಾ ಮೀನು ಎಂಬಲ್ಲಿಯವರೆಗೆ ಈ ಭೇದ ಅಡುಗೆಮನೆಯನ್ನೂ ಹೊಕ್ಕಿದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ಎರಡು ತಂಡಗಳ ಪಂದ್ಯದ ವೇಳೆ ಗಲಭೆಯೆದ್ದು 16 ಮಂದಿ ಅಭಿಮಾನಿಗಳು ಸತ್ತರು. ಆಟ ನೋಡಲು ಹೋದ ಮಕ್ಕಳು ಮನೆಗೆ ಬರಲಿಲ್ಲ. ಅಂದಿನಿಂದ ಬಂಗಾಳದಲ್ಲಿ ಆ ದಿನವನ್ನು ಕಾಲ್ಚೆಂಡು ಪ್ರೇಮಿಗಳ ದಿನವೆಂದು ನೆನೆದು ರಕ್ತದಾನ ಮಾಡುತ್ತ ಬಂದಿದ್ದಾರೆ.

ಆದರೆ ಅದೇ ಕಲ್ಕತ್ತೆಯಲ್ಲಿ 2024ರ ಆಗಸ್ಟಿನಲ್ಲಿ ನಡೆದುದನ್ನೂ ಹೇಳಬೇಕು. ಅಲ್ಲಿಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಸುದ್ದಿಯಿಂದ ಊರು ಕುದಿಯುತ್ತಿತ್ತು. ಭದ್ರತೆಯ ಕಾರಣದಿಂದ ಆಗಸ್ಟ್ 18ರ ಡ್ಯೂರಾಂಡ್ ಕಪ್ಪಿನ ಡರ್ಬಿ ರದ್ದಾಯಿತು. ಆಟವಿಲ್ಲವೆಂದು ಜನ ಮನೆಯಲ್ಲಿ ಕೂಡಲಿಲ್ಲ. ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಎರಡೂ ತಂಡಗಳ ಬೆಂಬಲಿಗರು ತಮ್ಮ ತಮ್ಮ ಬಾವುಟ ಹಿಡಿದೇ ಒಟ್ಟಾಗಿ ನಿಂತು ಆ ಹೆಣ್ಣುಮಗಳಿಗೆ ನ್ಯಾಯ ಬೇಕೆಂದು ಕೂಗಿದರು. ಪೊಲೀಸರ ಲಾಠಿಯನ್ನೂ ಒಟ್ಟಾಗಿಯೇ ಉಂಡರು. ಅಷ್ಟು ಬೇಗ ಅಷ್ಟು ಜನ ಹೇಗೆ ಕೂಡಿದರು? ನೂರು ವರ್ಷ ಎದುರುಬದುರು ಕುಳಿತು ಕೂಗಿದವರು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲರು. ಹುರುಡು ಒಂದು ಪರಿಚಯವೂ ಹೌದು.

ಇಲ್ಲಿ ನನ್ನ ಅಥಣಿಯ ವಿದ್ಯಾರ್ಥಿಯ ಮಾತಿಗೆ ಬರುತ್ತೇನೆ. ಅವನ ಸಿಟ್ಟಿನ ಮೂಲ ಇದು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ನಿರ್ಣಾಯಕ ಪಂದ್ಯವಿತ್ತು. ನಿಗದಿಯ ಹೊತ್ತು ಗೋಲಿಲ್ಲದೆ ಮುಗಿದು, ಹೆಚ್ಚುವರಿ ಹೊತ್ತಿನಲ್ಲಿ ಸುನಿಲ್ ಛೆಟ್ರಿಯವರು ಎದುರಾಳಿಗಳು ಅಡ್ಡಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ತಾವಿನ್ನೂ ಸಿದ್ಧರಾಗಿರಲಿಲ್ಲವೆಂಬುದು ಕೇರಳದವರ ತಕರಾರು. ತೀರ್ಪುಗಾರರು ಗೋಲನ್ನು ಎತ್ತಿಹಿಡಿದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವೂ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧವೂ ಬಿದ್ದುವು.

ನಿಯಮದ ಪ್ರಕಾರ ಗೋಲು ಸರಿಯೋ ತಪ್ಪೋ ಎಂದು ವಾದಿಸಬಹುದು. ಅದು ಹುರುಡಿನ ವಾದ. ಆದರೆ ಆಟವನ್ನು ಬಿಟ್ಟು ನಡೆದದ್ದು, ತರುವಾಯ ಎರಡೂ ಕಡೆಯ ಕೆಲವರು ಮೊಬೈಲಿನಲ್ಲಿ ಒಬ್ಬರ ಮನೆಮಂದಿಯನ್ನು ಇನ್ನೊಬ್ಬರು ಎಳೆದಾಡಿದ್ದು ಬೇರೆಯೇ ಸಂಗತಿ. ಕಂಠೀರವದಲ್ಲಿ ಕುಳಿತವನು ಮರುದಿನ ತನ್ನ ಕಚೇರಿಯ ಮಲಯಾಳಿ ಗೆಳೆಯನ ಮುಖ ನೋಡಲೇಬೇಕು. ಅವನ ಬಾಯಿಗೊಂದು ಲಗಾಮಿದೆ. ಅಥಣಿಯಲ್ಲಿ ಕುಳಿತು ಮೊಬೈಲು ನೋಡುವ ಹುಡುಗನಿಗೆ ಆ ಲಗಾಮಿಲ್ಲ. ಅವನಿಗೆ ಸಿಕ್ಕಿದ್ದು ಎರವಲು ತಂದ ಹುರುಡು. ಬಡ್ಡಿಯಾಗಿ ಹಗೆ ಮಾತ್ರ ಬೆಳೆಯುತ್ತದೆ. ನೆರೆಯವನಲ್ಲದ ಎದುರಾಳಿಯನ್ನು ದ್ವೇಷಿಸುವುದು ಬಲು ಸುಲಭ. ಅವನಿಗೊಬ್ಬ ಅಮ್ಮನಿದ್ದಾಳೆ, ಅವನೂ ಬಸ್ಸು ತಪ್ಪಿಸಿಕೊಂಡು ನಡೆದು ಬರುತ್ತಾನೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ.

ಗಡಿಯಲ್ಲಿ ಬದುಕುವ ನಮಗೆ ಈ ವಿವೇಕದ ಅಗತ್ಯ ಇತರರಿಗಿಂತ ಹೆಚ್ಚು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಮೊದಲಾದ ವಾದ 1967ರ ಮಹಾಜನ ವರದಿಯಿಂದಲೂ ತಣಿಯದೆ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವಾದದಲ್ಲಿ ನಾನು ಯಾವ ಪಕ್ಷವೆಂಬುದನ್ನು ಕನ್ನಡದ ಅಧ್ಯಾಪಕನು ಹೇಳಬೇಕಾಗಿಲ್ಲ. ಆದರೆ 2022ರ ಡಿಸೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ, ಬಸ್ಸುಗಳಿಗೆ ಮಸಿ ಬಿದ್ದು ಅಂತರರಾಜ್ಯ ಸಂಚಾರ ನಿಂತುಹೋದಾಗ ತೊಂದರೆಗೆ ಸಿಕ್ಕವರು ನ್ಯಾಯಾಲಯದ ಕಕ್ಷಿಗಾರರಲ್ಲ. ಕೊಲ್ಹಾಪುರದ ಆಸ್ಪತ್ರೆಗೆ ಹೊರಟ ನಿಪ್ಪಾಣಿಯ ಮುದುಕಿ, ಮೀರಜಿಗೆ ಹೋಗಬೇಕಾದ ಕಾಗವಾಡದ ಹುಡುಗಿ. ನಾವು ಮೆಟ್ಟುವ ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. ಹೆಸರು ಕೊಲ್ಹಾಪುರದ್ದು, ಅಥಣಿ, ನಿಪ್ಪಾಣಿ, ರಾಯಬಾಗಗಳ ಕೈಗಳೂ ಅದನ್ನು ಹೊಲಿಯುತ್ತ ಬಂದಿವೆ. 2019ರಲ್ಲಿ ಅದಕ್ಕೆ ಭೌಗೋಲಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಹಕ್ಕು ಬಂತು. ನಮ್ಮ ಕಡೆ ಪಾದರಕ್ಷೆಗೆ ‘ಜೋಡು’ ಎಂದೇ ಹೆಸರು. ಒಂದನ್ನು ಎಸೆದು ಇನ್ನೊಂದನ್ನು ಮೆಟ್ಟಿ ನಡೆದವರನ್ನು ನಾನು ಕಂಡಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹುಡುಗರಿಗೆ “ಪಕ್ಷ ಕಟ್ಟಬೇಡಿ” ಎಂದು ಉಪದೇಶಿಸುವುದರಿಂದ ಪ್ರಯೋಜನವಿಲ್ಲ. ಪಕ್ಷ ಕಟ್ಟದ ಹರೆಯ ಹರೆಯವೇ ಅಲ್ಲ. ಅವರಿಗೆ ತಮ್ಮದೇ ಆದ ಹುರುಡನ್ನು ಕೊಡಬೇಕು. ಚಿಕ್ಕೋಡಿಗೂ ನಿಪ್ಪಾಣಿಗೂ, ಅಥಣಿಗೂ ಕಾಗವಾಡಕ್ಕೂ ವರ್ಷಕ್ಕೊಂದು ಕಾಲ್ಚೆಂಡಿನ ಪಂದ್ಯವಿರಲಿ. ಎಲ್ಲ ತಾಲೂಕುಗಳಲ್ಲಿ ಮದುವೆಯ ಮಂಟಪಕ್ಕೂ ವಾಹನ ನಿಲ್ದಾಣಕ್ಕೂ ಒತ್ತೆ ಹೋಗದ ಒಂದು ಬಯಲಿರಲಿ. ಹೆಣ್ಣುಮಕ್ಕಳೂ ಅಲ್ಲಿ ಒದೆಯಲಿ. ಸೋತವರು ಸೋಮವಾರ ಅದೇ ಬಸ್ಸಿನಲ್ಲಿ ಗೆದ್ದವರ ಪಕ್ಕದಲ್ಲಿ ಕುಳಿತು ಮೂದಲಿಕೆಯನ್ನು ಕೇಳಿಸಿಕೊಳ್ಳಲಿ, ಜವಾಬು ಕೊಡಲಿ. ನೆರೆಯವನೊಡನೆ ಸೆಣಸಿ, ಸೋತು, ಮತ್ತೆ ಅವನೊಡನೆಯೇ ಬಾಳುವುದನ್ನು ಕಲಿಸುವ ಪಾಠಶಾಲೆ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಕೊಲ್ಹಾಪುರದ ಹುಡುಗ ಅನಿಕೇತ್ ಜಾಧವ್ 2017ರಲ್ಲಿ ಭಾರತದ ಪರವಾಗಿ 17ರೊಳಗಿನವರ ವಿಶ್ವಕಪ್ಪಿನಲ್ಲಿ ಆಡಿದ. ನಮ್ಮಲ್ಲಿಯೂ ಅಂಥ ಕಾಲುಗಳಿರಬಹುದು; ಅವುಗಳಿಗೆ ನೆಲ ಬೇಕು.

ಆ ಸೋಮವಾರ ತರಗತಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಇಬ್ಬರೂ ಅಂಟಿಕೊಂಡೇ ಕುಳಿತಿದ್ದರು. ರಾಯಬಾಗದವನ ಮುಖ ಬಾಡಿತ್ತು. ಏನಾಯಿತೆಂದು ನಾನು ಕೇಳಲಿಲ್ಲ, ನಿಪ್ಪಾಣಿಯವನೇ ಹೇಳಿದ: “ನಾವು ಗೆದ್ವಿರಿ ಸರ್. ಆದ್ರ ಅವರ ಗೋಲಕೀಪರ್ ಆಡಿದ ನೋಡ್ರಿ, ಅಂಥಾವ ಒಬ್ಬ ನಮಗ ಬೇಕಿತ್ರಿ.”

ಶನಿವಾರ ಅರ್ಧಕ್ಕೆ ನಿಂತ ಪಾಠವನ್ನು ಅಲ್ಲಿಂದಲೇ ಮುಂದುವರಿಸಿದೆ. ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನನನ್ನು ಆ ದಿನ ನಾನು ಬಹಳ ವಿವರಿಸಬೇಕಾಗಲಿಲ್ಲ.